ಮಾಯಿತು, ಮಾಸಲಿಲ್ಲ

ನಮ್ಮ ಮನೆಯ ಚರಿತ್ರೆಯನ್ನು ಬರೆಯಬೇಕಾದರೆ ಹಳೆಯ ಕಾಗದಪತ್ರಗಳನ್ನು ಹುಡುಕಬೇಕಾಗಿಲ್ಲ; ನಾಲ್ಕು ತಲೆಮಾರಿನವರ ಚರ್ಮವನ್ನು ನೋಡಿದರೆ ಸಾಕು. ನಮ್ಮ ತಾತನ ಮುಖದ ತುಂಬ ಸಿಡುಬಿನ ಕುಳಿಗಳಿದ್ದುವು. ಅಮ್ಮನ ತೋಳಿನ ಮೇಲೆ ಬಾಲ್ಯದಲ್ಲಿ ಹಾಕಿಸಿದ ದಾಕಿನ ಎರಡು ದುಂಡು ಗುರುತುಗಳಿವೆ. ನನ್ನ ಎಡತೋಳಿನಲ್ಲಿ ಕ್ಷಯಕ್ಕೆ ತಡೆಯೆಂದು ಹಾಕಿದ ಬಿ.ಸಿ.ಜಿ. ಚುಚ್ಚುಮದ್ದಿನ ಜಾಗ ಕಡಲೆಕಾಳಿನಂತೆ ಉಬ್ಬಿ ನಿಂತಿದೆ. ಇನ್ನು ನನ್ನ ಮಗಳ ದವಡೆಯ ಅಂಚಿನಲ್ಲಿ, ಎರಡು ವರ್ಷದ ಹಿಂದೆ ಒಂದು ಮೊಡವೆ ಎದ್ದು ಮಾಯ್ದ ಸ್ಥಳದಲ್ಲಿ, ಹುಣಸೆಬೀಜದಂಥ ನುಣುಪಾದ ಗಂಟು ಬೆಳೆಯಿತು. ಮೊದಲ ಮೂರನ್ನೂ ನಾವು ಯಾರೂ ಲೆಕ್ಕಕ್ಕೆ ಇಟ್ಟವರಲ್ಲ. ನಾಲ್ಕನೆಯದು ಮನೆಯ ನಿದ್ದೆ ಕೆಡಿಸಿತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೂ ಈ ಗಂಟಿನ ಬೆನ್ನು ಹತ್ತಿ ಕೆಲವು ತಿಂಗಳು ಓದಿದ್ದೇನೆ. ಓದುವುದಕ್ಕೆ ಕಾರಣ ಜ್ಞಾನದ ಹಂಬಲವಲ್ಲ, ಪಶ್ಚಾತ್ತಾಪ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಮೊಡವೆ ಆ ವಯಸ್ಸಿನ ಮಕ್ಕಳಿಗೆಲ್ಲ ಬರುವಂಥದು. ಉಳಿದವು ಬಂದ ಹಾಗೆಯೇ ಹೋದುವು, ಇದೊಂದು ಹೋಗಲಿಲ್ಲ. ಮೊದಲು ಕೆಂಪಗೆ ಗಟ್ಟಿಯಾಯಿತು, ಆಮೇಲೆ ತುರಿಸತೊಡಗಿತು, ಆಮೇಲೆ ಮೊಡವೆಯಿದ್ದ ಮೇರೆಯನ್ನು ದಾಟಿ ಆಚೆಗೂ ಕಾಲು ಚಾಚಿತು. ಅಮ್ಮ ರಕ್ತಚಂದನ ತೇಯ್ದು ಹಚ್ಚಿದರು. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಹುಡುಗಿ ಜಡೆ ಹಾಕುವುದನ್ನು ಬಿಟ್ಟು, ಕೂದಲನ್ನು ಒಂದು ಕಡೆಗೆ ಇಳಿಬಿಟ್ಟು ಓಡಾಡತೊಡಗಿದಳು. ಸಹಕಾರನಗರದ ನಮ್ಮ ರಸ್ತೆಯಲ್ಲಿ ಸಂಜೆ ತಿರುಗಾಡಲು ಕರೆದರೆ, ಎದುರಿಗೆ ಯಾರಾದರೂ ಬಂದಾಗ ಅವಳು ನನ್ನ ಬಲಗಡೆಯಿಂದ ಎಡಗಡೆಗೆ ಸರಿಯುತ್ತಿದ್ದಳು. ಏಕೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಅಷ್ಟರಲ್ಲಿ ನನ್ನ ಭಾವಮೈದುನನ ಮದುವೆ ಗೊತ್ತಾಯಿತು. ನಾಲ್ಕು ಜನ ಸೇರುವ ಕಡೆ ಮಗು ಮುಖ ಮುಚ್ಚಿಕೊಂಡು ನಿಲ್ಲಬಾರದೆಂದು ನನಗೆ ಆತುರ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸೋಣವೆಂದು ಹೆಂಡತಿ ಹೇಳಿದಳು. ನಾನು ಕೇಳದೆ, ದೊಡ್ಡ ಫಲಕ ಹಾಕಿಕೊಂಡಿದ್ದ ಒಂದು ಸೌಂದರ್ಯ ಚಿಕಿತ್ಸೆಯ ಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋದೆ. ಹತ್ತು ನಿಮಿಷದ ಕೆಲಸವೆಂದರು. ಹತ್ತೇ ನಿಮಿಷದಲ್ಲಿ ಕೊಯ್ದು ತೆಗೆದರು. ಮದುವೆಯ ದಿನ ಚರ್ಮ ಸಮತಟ್ಟಾಗಿತ್ತು. ಛಾಯಾಚಿತ್ರಗಳಲ್ಲಿ ಅವಳು ನಗುತ್ತಿದ್ದಾಳೆ. ಐದನೆಯ ತಿಂಗಳಿಗೆ ಗಂಟು ಹಿಂತಿರುಗಿ ಬಂತು, ಮೊದಲಿಗಿಂತ ಎರಡರಷ್ಟಾಗಿ.

ಕೊನೆಗೆ ನಗರದ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆವು. ಹಿರಿಯ ವೈದ್ಯೆಯೊಬ್ಬರು ಗಂಟನ್ನು ಮುಟ್ಟಿ ನೋಡಿ, “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ?” ಎಂದರು. ಇಲ್ಲವೆಂದೆ. ಅವರು ನನ್ನ ಅರ್ಧ ತೋಳಿನ ಅಂಗಿಯ ಕಡೆ ನೋಡಿ, ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ ಎಂದರು. ಸರಿಸಿದೆ. “ಉತ್ತರ ನಿಮ್ಮ ಮೈಮೇಲೇ ಇತ್ತಲ್ಲ ಸಾರ್” ಎಂದರು. ನಲವತ್ತು ವರ್ಷ ಹೊತ್ತು ತಿರುಗಿದ ಗುರುತನ್ನು ನಾನು ಅಂದು ಮೊದಲ ಸಲ ಕಂಡೆ. ಇದರ ಹೆಸರು ಕೀಲಾಯ್ಡ್, ಇದು ಕೆಲವು ಮನೆತನಗಳಲ್ಲಿ ಹರಿದು ಬರುವ ಗುಣ, ಬರಿದೆ ಕೊಯ್ದರೆ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಮರಳಿ ಬರುತ್ತದೆ ಎಂದು ಅವರು ವಿವರಿಸಿದರು. ನಾನು ಎರಡು ನಿಮಿಷ ಮೊದಲೇ ಯಾರನ್ನಾದರೂ ಕೇಳಿದ್ದರೆ ತಿಳಿಯಬಹುದಾಗಿದ್ದ ಮಾತು.

ಗಾಯವಾದಾಗ ಚರ್ಮದ ಒಳಗೆ ನಡೆಯುವ ಕೆಲಸ ಮನೆ ರಿಪೇರಿಯ ಹಾಗೆ. ಕೊಲ್ಯಾಜೆನ್ ಎಂಬ ನಾರನ್ನು ನೇಯ್ದು ಒಡಕನ್ನು ಮುಚ್ಚುವ ಜೀವಕೋಶಗಳಿವೆ. ಗೋಡೆ ಮುಗಿದೊಡನೆ ಅವು ಕೆಲಸ ನಿಲ್ಲಿಸಬೇಕು. ಕೀಲಾಯ್ಡಿನಲ್ಲಿ ಅವು ನಿಲ್ಲಿಸುವುದಿಲ್ಲ. ಮುಗಿದ ಗೋಡೆಯ ಮೇಲೆ ಗಾರೆಯವನು ತಿಂಗಳುಗಟ್ಟಲೆ ಗಾರೆ ಮೆತ್ತುತ್ತಲೇ ಇದ್ದಂತೆ ನಾರಿನ ಮೇಲೆ ನಾರು ಸೇರುತ್ತದೆ. ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ನಮ್ಮಂಥ ಕಪ್ಪು, ಕಂದು ಮೈಬಣ್ಣದವರಲ್ಲಿ ಹೆಚ್ಚು. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಹೆಚ್ಚು. ಕಿವಿಯ ಹಾಲೆ, ಎದೆ, ಭುಜ, ದವಡೆ ಇದರ ಮೆಚ್ಚಿನ ಸ್ಥಳಗಳು. ಗಾಯ ದೊಡ್ಡದಾಗಿರಬೇಕೆಂದೂ ಇಲ್ಲ. ಒಂದು ಮೊಡವೆ, ಒಂದು ಸೂಜಿಯ ಮೊನೆ ಸಾಕು. ಕೊಯ್ಯುವುದೂ ಒಂದು ಗಾಯವೇ ತಾನೆ? ಕೆಲಸ ನಿಲ್ಲಿಸಲರಿಯದ ಗಾರೆಯವನಿಗೆ ನಾನು ಹೊಸದೊಂದು ಕೆಲಸವನ್ನು ದುಡ್ಡು ಕೊಟ್ಟು ಒದಗಿಸಿದ್ದೆ.

ಮನೆಗೆ ಬಂದವನು ನನಗೆ ತಿಳಿದ ಕಡೆಯಿಂದ ಹುಡುಕತೊಡಗಿದೆ, ಅಂದರೆ ಮಾತಿನಿಂದ. ಗಾಯದ ವಿಷಯದಲ್ಲಿ ಕನ್ನಡ ಬಹಳ ಸೂಕ್ಷ್ಮ. ಗಾಯ ‘ಮಾಯುತ್ತದೆ’, ಕಲೆ ‘ಮಾಸುತ್ತದೆ’. ಮಾಯುವುದು ಬೇರೆ, ಮಾಸುವುದು ಬೇರೆ. ಒಂದು ಮುಗಿದ ಮೇಲೆ ಇನ್ನೊಂದು. ನನ್ನ ಮಗಳ ಮೊಡವೆ ಮಾಯಿತು, ಮಾಸಲಿಲ್ಲ. ಆದರೆ ಉಬ್ಬಿ ಬೆಳೆಯುವ ಕಲೆಗೆ ನಮ್ಮಲ್ಲಿ ಎಲ್ಲರೂ ಒಪ್ಪಿದ ಒಂದು ಪದವಿಲ್ಲ. ‘ಉಬ್ಬುಗಲೆ’ ಎಂದು ಕರೆಯೋಣವೇ ಎಂದು ಮಗಳನ್ನು ಕೇಳಿದೆ. “ಆದೇಶ ಸಂಧಿ ಮಾಡಿದರೆ ಗಂಟು ಕರಗುತ್ತದೆಯೇ ಅಪ್ಪ?” ಎಂದಳು. ಬಹಳ ದಿನಗಳ ಮೇಲೆ ಅವಳು ಈ ವಿಷಯಕ್ಕೆ ನಕ್ಕಿದ್ದು ಅಂದೇ.

ಮಾಯುವುದಕ್ಕೂ ಮಾಸುವುದಕ್ಕೂ ನಡುವಿನ ಈ ವ್ಯತ್ಯಾಸವನ್ನು ನಮ್ಮ ಹಿಂದಿನ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯಲ್ಲಿ ಹುಣ್ಣಿನ ಚಿಕಿತ್ಸೆಗೆ ಏಳು ಮೆಟ್ಟಿಲುಗಳನ್ನು ಹೇಳಿದೆ. ಆರನೆಯದು ‘ರೋಪಣ’, ಎಂದರೆ ಮಾಯಿಸುವುದು. ಅಲ್ಲಿಗೆ ಮುಗಿಯಲಿಲ್ಲ, ಏಳನೆಯದೊಂದಿದೆ, ‘ವೈಕೃತಾಪಹ’. ಮಾಯ್ದ ಜಾಗದ ವಿಕಾರವನ್ನು ಕಳೆದು ಚರ್ಮವನ್ನು ಮೊದಲಿನಂತೆ ಮಾಡುವುದು ಅದರ ಅರ್ಥ. ಇದೇ ಗ್ರಂಥ ಇನ್ನೊಂದು ಕಡೆ ಅರವತ್ತು ಉಪಕ್ರಮಗಳನ್ನು ಎಣಿಸುತ್ತದೆ. ತಗ್ಗಾದುದನ್ನು ಎಬ್ಬಿಸುವ ‘ಉತ್ಸಾದನ’, ಉಬ್ಬಿದುದನ್ನು ಇಳಿಸುವ ‘ಅವಸಾದನ’, ಬಿಳುಪಾದ ಕಲೆಯನ್ನು ಕಪ್ಪಾಗಿಸುವುದು, ಕಪ್ಪಾದುದನ್ನು ತಿಳಿಯಾಗಿಸುವುದು, ಕೂದಲು ಹುಟ್ಟಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಪ್ರಾಣ ಉಳಿಯಿತಲ್ಲ, ಕಲೆಯ ಚಿಂತೆಯೇಕೆ ಎಂದು ಆ ವೈದ್ಯರು ರೋಗಿಯನ್ನು ಗದರಿಸಿ ಕಳುಹಿಸಲಿಲ್ಲ. ಮುಖದ ಕಲೆಗೆ ಅಳುವ ಹುಡುಗಿಯನ್ನು ಒಣಜಂಬದವಳೆಂದು ಹಳಿಯುವವರು ಈ ಏಳನೆಯ ಮೆಟ್ಟಿಲನ್ನು ನೆನೆಯಬೇಕು.

ಅಷ್ಟಾಂಗಹೃದಯವನ್ನು ಬರೆದ ವಾಗ್ಭಟ ಇನ್ನೂ ಹತ್ತಿರಕ್ಕೆ ಬರುತ್ತಾನೆ. ಅವನು ಒಂಬತ್ತು ಬಗೆಯ ಗ್ರಂಥಿಗಳಲ್ಲಿ ‘ವ್ರಣಗ್ರಂಥಿ’ಯೆಂಬ ಒಂದನ್ನು ಹೇಳುತ್ತಾನೆ. ಅದು ಆಗ ತಾನೆ ಮಾಯ್ದ, ಇಲ್ಲವೆ ಇನ್ನೂ ಮಾಯದ ಹುಣ್ಣಿನಲ್ಲಿ ಗಂಟುಕಟ್ಟಿಕೊಳ್ಳುವಂಥದು, ಉರಿಯುತ್ತದೆ, ತುರಿಸುತ್ತದೆ. ಪಥ್ಯ ಬಿಟ್ಟು ತಿಂದುದರಿಂದ, ಹುಣ್ಣನ್ನು ಕಟ್ಟದೆ ಬಿಟ್ಟುದರಿಂದ, ಪೆಟ್ಟು ತಗಲಿದುದರಿಂದ ಬರುತ್ತದೆಂದು ಅವನು ಕಾರಣ ಕೊಡುತ್ತಾನೆ. ಕಾರಣಗಳನ್ನು ಇಂದಿನ ವೈದ್ಯರು ಒಪ್ಪಲಾರರು. ಲಕ್ಷಣವನ್ನು ಓದಿದಾಗ ಮಾತ್ರ ನನಗೆ ನನ್ನ ಮಗಳ ದವಡೆಯೇ ಕಣ್ಣಮುಂದೆ ಬಂತು.

ನಮ್ಮ ಸಮಾಜಕ್ಕೆ ಗಾಯ ಮಾಡಿಕೊಳ್ಳುವ ಸಂದರ್ಭಗಳು ಕಡಿಮೆಯಿರಲಿಲ್ಲ. ಕಿವಿ ಚುಚ್ಚುವುದು ಒಂದು ಸಂಸ್ಕಾರ. ಸುಶ್ರುತ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ: ಮಗುವಿನ ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ, ಹಾಲೆಯನ್ನು ಬಿಸಿಲಿಗೆ ಹಿಡಿದು, ಬೆಳಕು ತೂರಿ ಬರುವ ತೆಳು ಜಾಗವನ್ನು ಗುರುತಿಸಿ, ನೇರವಾಗಿ, ನಿಧಾನವಾಗಿ ಚುಚ್ಚಬೇಕು. ತಪ್ಪು ಜಾಗಕ್ಕೆ ಚುಚ್ಚಿದರೆ ಬರುವ ತೊಂದರೆಗಳನ್ನೂ ಎಣಿಸಿದ್ದಾನೆ. ನಮ್ಮ ಊರುಗಳಲ್ಲಿ ಅಕ್ಕಸಾಲಿಗ ಚಿನ್ನದ ತಂತಿಯಿಂದ ಮಾಡುತ್ತಿದ್ದ ಈ ಕೆಲಸವನ್ನು ಇಂದು ಅಂಗಡಿಗಳಲ್ಲಿ ಪಿಸ್ತೂಲಿನಂಥ ಯಂತ್ರ ಕ್ಷಣಮಾತ್ರದಲ್ಲಿ ಮುಗಿಸುತ್ತದೆ. ಕಿವಿಯ ಹಾಲೆಯ ಕೀಲಾಯ್ಡಿಗೆ ಈ ಚುಚ್ಚುವಿಕೆಯೇ ಮುಖ್ಯ ಕಾರಣ. ಇನ್ನು ಹಚ್ಚೆ ಇತ್ತು. ಮಕ್ಕಳ ಹೊಟ್ಟೆನೋವಿಗೂ ಕಾಮಾಲೆಗೂ ಹಳ್ಳಿಗಳಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮೈಮೇಲಿನ ಬರೆ ಎಲ್ಲರೂ ಕಂಡುಂಡ ವಸ್ತುವಾಗಿತ್ತು. ಈ ಬರೆಗಳಲ್ಲಿ ಕೆಲವು ಮಾಸಿ ಹೋಗುತ್ತಿದ್ದುವು, ಕೆಲವು ಹಗ್ಗದಂತೆ ಉಬ್ಬಿ ಜನ್ಮಕ್ಕೆ ಅಂಟುತ್ತಿದ್ದುವು. ಒಬ್ಬೊಬ್ಬರ ಮೈ ಒಂದೊಂದು ತರಹವೆಂದು ಜನ ಸುಮ್ಮನಾಗುತ್ತಿದ್ದರು. ಆ ಮಾತಿನಲ್ಲಿ ವಿಜ್ಞಾನ ಅಡಗಿತ್ತು; ಅದನ್ನು ಬಿಡಿಸಿ ನೋಡುವವರಿರಲಿಲ್ಲ.

ಆದರೆ ಆ ಕಾಲದ ಜನಕ್ಕೆ ಉಬ್ಬಿದ ಕಲೆಗಿಂತ ಕುಳಿಬಿದ್ದ ಕಲೆಯ ಭಯ ಹೆಚ್ಚು. ನಮ್ಮ ತಾತನ ಮುಖದಲ್ಲಿದ್ದದ್ದು ಅದು. ಸಿಡುಬನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪು ಕಟ್ಟಿ, ತಂಪು ಮಾಡಿ, ಉಳಿದರೆ ದೇವರ ದಯೆಯೆನ್ನುತ್ತಿದ್ದರು. ಈ ಕಥೆಯಲ್ಲಿ ಮೈಸೂರಿಗೊಂದು ಸ್ವಾರಸ್ಯವಾದ ಸ್ಥಾನವಿದೆ. ಜೆನ್ನರನು ಗೋಸಿಡುಬಿನ ದಾಕನ್ನು ಲೋಕಕ್ಕೆ ಪ್ರಕಟಿಸಿದ್ದು 1798ರಲ್ಲಿ. ಭಾರತದಲ್ಲಿ ಅದನ್ನು ಮೊದಲು ಹಾಕಿದ್ದು ಮುಂಬಯಿಯಲ್ಲಿ, 1802ರ ಜೂನ್ 14ರಂದು, ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನಲ್ಲಿ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬರೆದ. ಬಹಳ ಕಾಲ ಅವರು ನರ್ತಕಿಯರೆಂದೇ ತಿಳಿಯಲಾಗಿತ್ತು. ಅವರು ಮೈಸೂರಿನ ಅರಮನೆಯವರು, ನಡುವೆ ಇರುವವರು ರಾಣಿ ಲಕ್ಷ್ಮಮ್ಮಣ್ಣಿ, ಇಕ್ಕೆಲದಲ್ಲಿ ಇರುವವರು ಎಳೆಯ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಒಬ್ಬಾಕೆ ಸೆರಗನ್ನು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ. ಇನ್ನೊಬ್ಬಾಕೆಯ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದಂತಿರುವುದು ಸಿಡುಬಿನ ಕೀವನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯ ಗುರುತು. ಹೊಸ ದಾಕಿನ ವಿಷಯದಲ್ಲಿ ಜನಕ್ಕೆ ಧೈರ್ಯ ಬರಲೆಂದೇ ಈ ಚಿತ್ರ ಬರೆಸಿದ್ದು ಎಂಬುದು ಅವರ ಅಭಿಪ್ರಾಯ. ಅದು ನಿಜವಾದರೆ, ನಮ್ಮ ರಾಣಿಯರು ತಮ್ಮ ಚರ್ಮದ ಗುರುತನ್ನು ಮುಚ್ಚಿಡದೆ ಪ್ರಜೆಗಳಿಗಾಗಿ ತೆರೆದು ತೋರಿಸಿದರೆಂದಾಯಿತು. ಅದೇ ದಾಕಿನ ಗುರುತು ಅಮ್ಮನ ತೋಳಿನಲ್ಲಿರುವುದು. 1975ರಲ್ಲಿ ಭಾರತದ ಕೊನೆಯ ಸಿಡುಬು ಕಂಡುಬಂತು. 1980ರಲ್ಲಿ ಲೋಕವೇ ಸಿಡುಬಿನಿಂದ ಬಿಡುಗಡೆಯಾಯಿತೆಂದು ಸಾರಲಾಯಿತು. ನಮ್ಮ ಮನೆಯಲ್ಲಿ ತಾತನ ಮುಖವೇ ಕುಳಿಬಿದ್ದ ಕೊನೆಯ ಮುಖ.

ಹಿಕಿ ಮೈಸೂರಿನಲ್ಲಿ ಚಿತ್ರ ಬರೆಯುತ್ತಿದ್ದ ಆ ವರ್ಷಗಳಲ್ಲೇ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಅಲಿಬೇರ್ ಎಂಬ ವೈದ್ಯ ಚರ್ಮದ ರೋಗಗಳ ದೊಡ್ಡದೊಂದು ಸಚಿತ್ರ ಗ್ರಂಥವನ್ನು ಸಿದ್ಧಮಾಡುತ್ತಿದ್ದ. 1806ರಲ್ಲಿ ಅವನು ಈ ಉಬ್ಬುಗಲೆಯನ್ನು ವರ್ಣಿಸಿ, ಕ್ಯಾನ್ಸರಿನಂತೆ ಹರಡುತ್ತದೆಂದು ‘ಕ್ಯಾಂಕ್ರಾಯ್ಡ್’ ಎಂದು ಹೆಸರಿಟ್ಟ. ಸುಮಾರು ಹತ್ತು ವರ್ಷ ಕಳೆದ ಮೇಲೆ ಆ ಹೆಸರು ತಪ್ಪೆಂದು ಅವನಿಗೇ ತೋರಿತು. ಇದು ಕ್ಯಾನ್ಸರಲ್ಲ, ಕೇಳಿದವರು ಸುಮ್ಮನೆ ಹೆದರುತ್ತಾರೆ. ಆಗ ಏಡಿಯ ಕೈ ಎಂಬ ಅರ್ಥದ ಗ್ರೀಕ್ ಪದವನ್ನು ಹಿಡಿದು ‘ಶೆಲಾಯ್ಡ್’ ಎಂದು ಬದಲಾಯಿಸಿದ. ನಮ್ಮ ಕೀಲಾಯ್ಡ್ ಅದೇ. ಕ್ಯಾನ್ಸರ್ ಎಂಬ ಲ್ಯಾಟಿನ್ ಮಾತಿಗೂ ಏಡಿಯೆಂದೇ ಅರ್ಥ. ಎಂದರೆ ಅವನು ಏಡಿಯನ್ನು ಓಡಿಸಿ ಅದರ ಕೈಯೊಂದನ್ನು ಉಳಿಸಿಕೊಂಡ. ಸರಿಯಾದ ಸ್ಥಳದಿಂದ ಚರ್ಮದ ಮೇಲೆ ನಾಲ್ಕು ಕಡೆಗೆ ಕೈ ಚಾಚುವ ಅದರ ಸ್ವಭಾವಕ್ಕೆ ಈ ಹೆಸರು ಒಪ್ಪುತ್ತದೆ. ರೋಗಿಯ ಭಯವನ್ನು ಕಳೆಯಲು ತಾನೇ ಇಟ್ಟ ಹೆಸರನ್ನು ತಾನೇ ತಿದ್ದಿಕೊಂಡ ವೈದ್ಯನ ಮೇಲೆ ಭಾಷೆಯ ಮೇಷ್ಟ್ರಿಗೆ ಗೌರವ ಹುಟ್ಟುವುದು ಸಹಜ.

ಹೆಸರು ಸಿಕ್ಕಿತು, ಮದ್ದು ಸಿಕ್ಕಲಿಲ್ಲ. ಕೊಯ್ದರೆ ಮತ್ತೆ ಬರುತ್ತದೆಂಬುದು 19ನೆಯ ಶತಮಾನದ ವೈದ್ಯರಿಗೆ ಅನುಭವದಿಂದ ತಿಳಿಯಿತು. 1895ರಲ್ಲಿ ಕ್ಷಕಿರಣದ ಶೋಧವಾದ ಮೇಲೆ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಈ ಗಂಟಿನ ಮೇಲೆ ಹಾಯಿಸಿ ನೋಡಿದರು. ಇಂದಿಗೂ ಹಟಮಾರಿ ಕೀಲಾಯ್ಡನ್ನು ಕೊಯ್ದ ಒಂದೆರಡು ದಿನದೊಳಗೆ ವಿಕಿರಣ ಕೊಡುವುದುಂಟು. ದೊಡ್ಡ ತಿರುವು ಬಂದದ್ದು 1960ರ ದಶಕದಲ್ಲಿ. ಟ್ರಯಾಮ್ಸಿನೋಲೋನ್ ಎಂಬ ಸ್ಟೆರಾಯ್ಡ್ ಔಷಧವನ್ನು ನೇರವಾಗಿ ಗಂಟಿನೊಳಕ್ಕೇ ಚುಚ್ಚಿದರೆ ಅದು ಮೆತ್ತಗಾಗಿ ಇಳಿಯುತ್ತದೆಂದು ಗೊತ್ತಾಯಿತು. 1980ರ ದಶಕದಲ್ಲಿ ಸುಟ್ಟ ಗಾಯದ ಕಲೆಗಳಿಗೆ ಬಳಸಿದ ಸಿಲಿಕೋನ್ ಹಾಳೆ ಇದಕ್ಕೂ ಬಂತು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಕಿವಿಯ ಹಾಲೆಗೆ ಒತ್ತುವ ಓಲೆ ತೊಡಿಸುವುದು, ಎರಡು ಮೂರು ವಿಧಾನಗಳನ್ನು ಸೇರಿಸಿ ಮಾಡುವುದು ಇಂದಿನ ಕ್ರಮ. ಇವುಗಳಲ್ಲಿ ಯಾವುದೂ ಹತ್ತು ನಿಮಿಷದ ಕೆಲಸವಲ್ಲ.

ನನ್ನ ತೋಳಿನ ಗುರುತಿನ ಚರಿತ್ರೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಬಸ್ಸಿನಲ್ಲಿ. ಆಸ್ಪತ್ರೆಗೆ ತಿಂಗಳಿಗೊಮ್ಮೆ ನಾವು ಮೆಜೆಸ್ಟಿಕ್ಕಿನ ಬಸ್ಸು ಹಿಡಿದು ಬಳ್ಳಾರಿ ರಸ್ತೆಯಲ್ಲಿ ಹೋಗುತ್ತೇವೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ಮೇಖ್ರಿ ವೃತ್ತ ಕಳೆದ ಮೇಲೆ ಅದೇ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಸಾವಿರ ಸಲ ಅದರ ಮುಂದೆ ಹೋಗಿದ್ದರೂ ಅದಕ್ಕೂ ನನ್ನ ತೋಳಿಗೂ ನಂಟಿದೆಯೆಂದು ಹೊಳೆದಿರಲಿಲ್ಲ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ಸಿದ್ಧಪಡಿಸಿದ ಬಿ.ಸಿ.ಜಿ. ಲಸಿಕೆಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1921ರಲ್ಲಿ. ನಮ್ಮ ದೇಶದಲ್ಲಿ 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಅದರ ತಯಾರಿಕೆಗೆ ಪ್ರಯೋಗಾಲಯ ತೆರೆಯಿತು. 1951ರಿಂದ ದೇಶವ್ಯಾಪಿ ಆಂದೋಲನ ನಡೆಯಿತು. ಬೆಂಗಳೂರಿನ ಈ ಸಂಸ್ಥೆ 1959ರಲ್ಲಿ ಆರಂಭವಾಯಿತು. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ರೂಪ ಬಂದದ್ದು ಇಲ್ಲಿಯ ಅಧ್ಯಯನಗಳಿಂದ. ಕೋಟಿಗಟ್ಟಲೆ ಮಕ್ಕಳ ಎಡತೋಳಿನ ಮೇಲೆ ಆ ಸೂಜಿ ಒಂದು ಸಣ್ಣ ಗುರುತನ್ನು ಬಿಟ್ಟಿದೆ. ಬಹುಪಾಲು ಜನರಲ್ಲಿ ಅದು ಚಪ್ಪಟೆಯಾದ ಚುಕ್ಕೆ. ನನ್ನಂಥ ಕೆಲವರಲ್ಲಿ ಉಬ್ಬಿದ ಕಾಳು. ಅದನ್ನು ನೋಡಿ ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ತೋಳು ಮುಚ್ಚಿಕೊಳ್ಳಲಿಲ್ಲ. ಗಂಡಸಿನ ತೋಳಿನ ಮೇಲಿದ್ದರೆ ಅದು ಲಸಿಕೆಯ ಗುರುತು. ಹೆಣ್ಣಿನ ಮುಖದ ಮೇಲಿದ್ದರೆ ಅದೇ ಐಬು. ಗಂಟು ಒಂದೇ, ನೋಡುವ ಕಣ್ಣು ಬೇರೆ.

ಮಗಳಿಗೆ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು ನಡೆಯಿತು. ಗಟ್ಟಿಯಾದ ಗಂಟಿನೊಳಕ್ಕೆ ಸೂಜಿ ಹೋಗುವಾಗ ಆಗುವ ನೋವು ಸಾಮಾನ್ಯವಲ್ಲ. ಮೊದಲ ಸಲ ನನ್ನ ಕೈಯನ್ನು ಅವಳು ಹಿಡಿದ ಹಿಡಿತದ ಗುರುತು ಸಂಜೆಯವರೆಗೆ ಇತ್ತು. ರಾತ್ರಿಯೆಲ್ಲ ಸಿಲಿಕೋನ್ ಹಾಳೆ ಅಂಟಿಸಿಕೊಂಡು ಮಲಗಬೇಕು. ಸುತ್ತಲಿನ ಚರ್ಮ ತೆಳುವಾಗಬಹುದು, ಬಣ್ಣ ತಿಳಿಯಾಗಬಹುದು, ಮತ್ತೆ ಉಬ್ಬಲೂ ಬಹುದೆಂದು ವೈದ್ಯೆ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮೊಡವೆಯನ್ನು ಹಿಸುಕಬಾರದು, ಹೊಸದು ಎದ್ದರೆ ತಡಮಾಡದೆ ತೋರಿಸಬೇಕು, ಕಿವಿಗೆ ಎರಡನೆಯ ತೂತು, ಹಚ್ಚೆ ಮುಂತಾದುವುಗಳ ಆಸೆಯನ್ನು ಬಿಡಬೇಕು ಎಂದೂ ಹೇಳಿದರು. ಮೂರು ತಿಂಗಳಿಗೆ ತುರಿಕೆ ನಿಂತಿತು. ಎಂಟು ತಿಂಗಳಿಗೆ ಗಂಟು ಬಹುಮಟ್ಟಿಗೆ ಇಳಿದು ಮೆತ್ತಗಾಯಿತು. ಒಂದು ತಿಳಿಬಣ್ಣದ ಕಲೆ ಉಳಿದಿದೆ, ಅದು ಉಳಿಯುತ್ತದೆ.

ಕಳೆದ ಯುಗಾದಿಯ ದಿನ ಅಮ್ಮ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಕೂದಲನ್ನೆಲ್ಲ ಹಿಂದಕ್ಕೆ ಸೆಳೆದು ಬಿಗಿಯಾಗಿ ಜಡೆ ಹೆಣೆಯುವಾಗ ದವಡೆಯ ಕಲೆ ಬೆಳಕಿಗೆ ಬಂತು. ಅವಳು ಕೈ ಎತ್ತಿ ಮುಚ್ಚುವಳೆಂದು ನಾನು ಕಾದೆ. ಅವಳು ಮುಚ್ಚಲಿಲ್ಲ. ಅಜ್ಜಿಯ ತೋಳಿನ ದಾಕಿನ ಗುರುತಿನ ಮೇಲೆ ಬೆರಳಾಡಿಸುತ್ತ, “ಅಜ್ಜಿ, ಇದು ಹಾಕಿದಾಗ ನೋವಾಗಿತ್ತೇ?” ಎಂದು ಕೇಳುತ್ತಿದ್ದಳು.

“ನೆನಪಿಲ್ಲ ಕಣೇ” ಎಂದರು ಅಮ್ಮ. “ಆಗ ಎಲ್ಲರ ತೋಳಿನಲ್ಲೂ ಇತ್ತು.”